ಕರ್ತವ್ಯದ ಮೇಲೆ ಗಾಯಗೊಂಡ ಪೊಲೀಸರಿಗೆ ಸಿಗುವ ಪರಿಹಾರ ಸೇವೆ: ಕಲಬುರಗಿಯ ಒಂದು ಮನೆಯ ಅನುಭವ

ನನ್ನ ಪತಿ ಕಲಬುರಗಿ ಜಿಲ್ಲೆಯಲ್ಲಿ ಹೆಡ್ ಕಾನ್‌ಸ್ಟೆಬಲ್ ಆಗಿದ್ದಾರೆ, ನಾನು ಸರ್ಕಾರಿ ಪ್ರೌಢಶಾಲೆಯ ಶಿಕ್ಷಕಿ. 2022ರ ಡಿಸೆಂಬರ್‌ನಲ್ಲಿ, ಊರೂರಿನಲ್ಲಿ ತೊಗರಿ ರಾಶಿ ನಡೆದಿದ್ದ ದಿನಗಳಲ್ಲಿ, ಅಫಜಲಪುರ ರಸ್ತೆಯ ರಾತ್ರಿ ನಾಕಾಬಂದಿಯಲ್ಲಿ ಅವರು ನಿಂತಿದ್ದಾಗ ಸರಕು ವಾಹನವೊಂದು ಬ್ಯಾರಿಕೇಡಿಗೆ ಗುದ್ದಿ, ಆ ಕಬ್ಬಿಣದ ಚೌಕಟ್ಟಿನ ಸಮೇತ ಅವರ ಬಲಗಾಲಿನ ಮೇಲೆ ಹಾಯಿತು. ಮೊಣಕಾಲಿನ ಕೆಳಗಿನ ಎರಡೂ ಎಲುಬುಗಳು ಮುರಿದವು, ಹಿಮ್ಮಡಿಯ ಕೀಲು ಇಂದಿಗೂ ಪೂರ್ತಿ ಬಾಗುವುದಿಲ್ಲ. ಅಂದಿನಿಂದ ಪರಿಹಾರಕ್ಕೆಂದು ನಾವು ಹತ್ತಿಳಿದ ಮೆಟ್ಟಿಲುಗಳ ಅನುಭವವನ್ನು, ಯಾವುದು ನಡೆಯಿತು, ಯಾವುದು ನಡೆಯಲಿಲ್ಲ ಎಂಬ ನನ್ನ ಅಭಿಪ್ರಾಯದೊಂದಿಗೆ ಇಲ್ಲಿ ಬರೆಯುತ್ತಿದ್ದೇನೆ. ಕಚೇರಿಗಳ, ಆಸ್ಪತ್ರೆಗಳ, ಕಂಪನಿಗಳ ಹೆಸರನ್ನು ಬರೆಯುವುದಿಲ್ಲ. ಇನ್ನೊಂದು ಪೊಲೀಸ್ ಕುಟುಂಬಕ್ಕೆ ಇಂಥ ರಾತ್ರಿ ಬಂದರೆ ಮೊದಲ ಹೆಜ್ಜೆ ಎಲ್ಲಿಡಬೇಕೆಂದು ತಿಳಿಯಲಿ ಎಂಬುದಷ್ಟೇ ನನ್ನ ಉದ್ದೇಶ.

ಚಿಕಿತ್ಸೆಯಿಂದ ಆರಂಭಿಸುತ್ತೇನೆ, ಏಕೆಂದರೆ ಇಡೀ ವ್ಯವಸ್ಥೆಯಲ್ಲಿ ಮೆಚ್ಚಿ ಹೇಳಬೇಕಾದ ಭಾಗ ಅದು. ಪೊಲೀಸ್ ಸಿಬ್ಬಂದಿಗೂ ಅವರ ಅವಲಂಬಿತರಿಗೂ ಇಲಾಖೆ ನಡೆಸುವ ಆರೋಗ್ಯ ಭಾಗ್ಯ ಯೋಜನೆಯಡಿ, ಒಪ್ಪಂದ ಮಾಡಿಕೊಂಡ ಆಸ್ಪತ್ರೆಗಳಲ್ಲಿ ಹಣ ಕಟ್ಟದೆ ದಾಖಲಾಗಬಹುದು. ಅಪಘಾತದ ರಾತ್ರಿ ಅವರನ್ನು ಮೊದಲು ಸರ್ಕಾರಿ ಆಸ್ಪತ್ರೆಗೆ ಒಯ್ದರು. ಬೆಳಗಾಗುವಷ್ಟರಲ್ಲಿ ಪಟ್ಟಿಯಲ್ಲಿರುವ ಖಾಸಗಿ ಆಸ್ಪತ್ರೆಗೆ ಸೇರಿಸಿ ಆಗಿತ್ತು. ಅವರ ಘಟಕದ ಕಚೇರಿಯಿಂದ ಪತ್ರ ತಂದವರು ಅವರದೇ ಠಾಣೆಯ ಇಬ್ಬರು ಕಾನ್‌ಸ್ಟೆಬಲ್‌ಗಳು. ರಾತ್ರಿಯಿಡೀ ನಿದ್ದೆಗೆಟ್ಟಿದ್ದ ಆ ಹುಡುಗರು ನನ್ನ ಕೈಯಲ್ಲಿ ಒಂದು ಕಾಗದವನ್ನೂ ಹಿಡಿಸಲಿಲ್ಲ. ಮೂಳೆಗೆ ರಾಡು ಹಾಕುವ ಶಸ್ತ್ರಚಿಕಿತ್ಸೆ, ಹದಿನಾಲ್ಕು ದಿನದ ವಾಸ್ತವ್ಯ, ಔಷಧಿ, ಎಲ್ಲವೂ ಯೋಜನೆಯಲ್ಲೇ ನಡೆದವು. ರಾಡಿನ ದರ್ಜೆಯ ವ್ಯತ್ಯಾಸವೆಂದು ಆಸ್ಪತ್ರೆಯವರು 46 ಸಾವಿರ ರೂಪಾಯಿಯನ್ನು ಬೇರೆಯಾಗಿ ಕಟ್ಟಿಸಿಕೊಂಡದ್ದು ಮಾತ್ರ ಬೇಸರದ ಸಂಗತಿ. ಶಸ್ತ್ರಚಿಕಿತ್ಸಾ ಕೊಠಡಿಯ ಬಾಗಿಲಲ್ಲಿ ನಿಂತಿರುವ ಹೆಂಡತಿ ಅಂಥ ಮಾತಿಗೆ ಚೌಕಾಸಿ ಮಾಡಲಾರಳು. ಆ ರಸೀದಿಯನ್ನು ನಾನು ಜೋಪಾನ ಮಾಡಿದೆ, ಮುಂದೆ ಅದು ಕೆಲಸಕ್ಕೆ ಬಂತು.

ನಮ್ಮ ನಿಜವಾದ ಕಷ್ಟ ಶುರುವಾದದ್ದು ಅವರು ಮನೆಗೆ ಬಂದ ಮೇಲೆ, ರಜೆಯ ವಿಷಯದಲ್ಲಿ. ಕರ್ನಾಟಕ ನಾಗರಿಕ ಸೇವಾ ನಿಯಮಗಳಲ್ಲಿ ವಿಶೇಷ ಅಸಾಮರ್ಥ್ಯ ರಜೆ ಎಂಬುದಿದೆ, ಕಚೇರಿಗಳಲ್ಲಿ ಅದನ್ನು ಸ್ಪೆಷಲ್ ಡಿಸೆಬಿಲಿಟಿ ಲೀವ್ ಎಂದೇ ಕರೆಯುತ್ತಾರೆ. ಅಧಿಕೃತ ಕರ್ತವ್ಯ ನಿರ್ವಹಿಸುವಾಗ ಅಥವಾ ಅದರ ಪರಿಣಾಮವಾಗಿ ಗಾಯಗೊಂಡ ನೌಕರನಿಗೆ, ವೈದ್ಯರ ಪ್ರಮಾಣಪತ್ರದ ಆಧಾರದ ಮೇಲೆ, ಗರಿಷ್ಠ 24 ತಿಂಗಳವರೆಗೆ ಈ ರಜೆ ಸಿಗುತ್ತದೆ. ಅವನು ವರ್ಷಗಟ್ಟಲೆ ಕೂಡಿಟ್ಟ ಗಳಿಕೆ ರಜೆಗೆ ಇದರಿಂದ ಕೈ ಹಚ್ಚುವುದಿಲ್ಲ ಎಂಬುದೇ ಇದರ ಮಹತ್ವ. ಷರತ್ತುಗಳೂ ಇವೆ. ಘಟನೆ ನಡೆದ ಮೂರು ತಿಂಗಳೊಳಗೆ ಅಸಾಮರ್ಥ್ಯ ಕಾಣಿಸಿಕೊಂಡಿರಬೇಕು, ಗಾಯಗೊಂಡವನು ತಡ ಮಾಡದೆ ಅದನ್ನು ಮೇಲಿನವರ ಗಮನಕ್ಕೆ ತಂದಿರಬೇಕು. ನಮ್ಮ ಪ್ರಕರಣದಲ್ಲಿ ಇದಕ್ಕೆಲ್ಲ ಏನು ಅಡ್ಡಿ ಇದ್ದೀತು ಎಂದು ನಾನು ಅಂದುಕೊಂಡಿದ್ದೆ. ಕಾಲು ಮುರಿದದ್ದು ಎಲ್ಲರ ಕಣ್ಣಮುಂದೆ, ಸಮವಸ್ತ್ರದಲ್ಲಿದ್ದಾಗ.

ಆದರೆ ಮೊದಲ ಐದು ತಿಂಗಳ ರಜೆಯನ್ನು ಅವರ ಗಳಿಕೆ ರಜೆಯ ಲೆಕ್ಕದಿಂದಲೇ ಕಳೆದುಬಿಟ್ಟಿದ್ದರು. ವಿಚಾರಿಸಲು ಹೋದಾಗ ಮೇಜಿನ ಆಚೆಯ ಗುಮಾಸ್ತರು ಕಡತ ಬಿಚ್ಚಿ, ಬೆರಳಿಟ್ಟು ತೋರಿಸಿದರು: "ಅಕ್ಕೋರೆ, ಆ ರಾತ್ರಿ ಹವಾಲ್ದಾರರ ಡ್ಯೂಟಿ ಬರೆದಿದ್ದು ಬ್ಯಾರೆ ಕಡೆ ಅದರಿ. ಅಪಘಾತ ಆಗಿದ್ದು ಬ್ಯಾರೆ ಕಡೆ. ಕಾಗದದಾಗ ಇಲ್ಲದ್ದು ನಾ ಹ್ಯಾಂಗ ಬರೀಲಿ?" ಅವರ ಮಾತಿನಲ್ಲಿ ದ್ವೇಷವಿರಲಿಲ್ಲ. ಕಡತದಲ್ಲಿ ಇದ್ದದ್ದೂ ಹಾಗೆಯೇ. ಅಂದಿನ ಕರ್ತವ್ಯ ಹಂಚಿಕೆಯ ಪಟ್ಟಿಯಲ್ಲಿ ನನ್ನ ಪತಿಯ ಹೆಸರಿನ ಮುಂದೆ ಊರೊಳಗಿನ ಒಂದು ವೃತ್ತದ ಹೆಸರಿತ್ತು. ರಾತ್ರಿ ಹನ್ನೊಂದು ದಾಟಿದ ಮೇಲೆ ಅಫಜಲಪುರ ರಸ್ತೆಯಲ್ಲಿ ಜನ ಸಾಲದೆಂದು ಬಾಯಿಮಾತಿನಲ್ಲಿ ಅವರನ್ನು ಅಲ್ಲಿಗೆ ಕಳಿಸಲಾಗಿತ್ತು. ಠಾಣಾ ದಿನಚರಿಯಲ್ಲಿ ಈ ಬದಲಾವಣೆ ದಾಖಲಾಗಿರಲಿಲ್ಲ. ಸರ್ಕಾರಿ ಆಸ್ಪತ್ರೆಯ ಗಾಯದ ಪ್ರಮಾಣಪತ್ರದಲ್ಲಿ ರಸ್ತೆ ಅಪಘಾತ ಎಂಬ ಎರಡು ಪದಗಳಿದ್ದವು, ಕರ್ತವ್ಯದ ಮೇಲಿದ್ದರು ಎಂಬ ಮಾತಿರಲಿಲ್ಲ. ಪೊಲೀಸ್ ಕೆಲಸ ಬಲ್ಲ ಯಾರಿಗಾದರೂ ಗೊತ್ತು, ಬಂದೋಬಸ್ತಿನ ರಾತ್ರಿಗಳಲ್ಲಿ ಇಂಥ ಬಾಯಿಮಾತಿನ ಆದೇಶಗಳ ಮೇಲೆಯೇ ಜನ ಓಡಾಡುತ್ತಾರೆ. ಎಲ್ಲವೂ ಸುಸೂತ್ರವಾಗಿ ಮುಗಿದರೆ ಆ ಮಾತು ಗಾಳಿಯಲ್ಲಿ ಹೋಗುತ್ತದೆ. ಯಾರಾದರೂ ಬಿದ್ದರೆ ಮಾತ್ರ ಅದು ಎಲ್ಲಿ ಬರೆದಿದೆ ಎಂದು ಹುಡುಕುತ್ತಾರೆ, ಮತ್ತು ಹುಡುಕುವ ಕೆಲಸ ಬಿದ್ದವನ ಮನೆಯವರ ಪಾಲಿಗೆ ಬರುತ್ತದೆ.

ಆ ರಾತ್ರಿ ತುರ್ತು ಚಿಕಿತ್ಸಾ ವಿಭಾಗದಲ್ಲಿ ಅವರ ಖಾಕಿ ಪ್ಯಾಂಟನ್ನು ತೊಡೆಯಿಂದ ಕೆಳಗೆ ಕತ್ತರಿಸಿ ತೆಗೆದಿದ್ದರು. ಬಲಗಾಲಿನ ಬೂಟಿನ ಲೇಸು ಬಿಚ್ಚಲು ಆಗದೆ ಅದನ್ನೂ ಕತ್ತರಿಸಿದ್ದರು. ನರ್ಸ್ ಒಬ್ಬರು ಎರಡನ್ನೂ ಬಿಳಿ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ನನ್ನ ಕೈಗೆ ಕೊಟ್ಟರು. ಒಗೆಯಲೂ ಮನಸ್ಸಾಗದೆ, ಎಸೆಯಲೂ ಮನಸ್ಸಾಗದೆ ನಾನು ಅದನ್ನು ಟ್ರಂಕಿನಲ್ಲಿಟ್ಟಿದ್ದೆ. ಕರ್ತವ್ಯದ ಮೇಲಿದ್ದದ್ದಕ್ಕೆ ದಾಖಲೆ ಏನಿದೆ ಎಂದು ಕೇಳಿದ ದಿನ ಮನೆಗೆ ಬಂದು ಟ್ರಂಕು ತೆರೆದೆ. ರಕ್ತ ಒಣಗಿ ಬಟ್ಟೆ ಅಟ್ಟೆಯಂತೆ ಗಟ್ಟಿಯಾಗಿತ್ತು. ಬೂಟಿನ ಅಂಚಿನಲ್ಲಿ ಬ್ಯಾರಿಕೇಡಿನ ಹಳದಿ ಬಣ್ಣ ಒಂದು ಗೆರೆಯಾಗಿ ಉಳಿದಿತ್ತು. ಯಾವ ಕಡತಕ್ಕೂ ಲಗತ್ತಿಸಲಾಗದ ದಾಖಲೆ ಅದು.

ದಾರಿ ತೋರಿಸಿದವರು ನಿವೃತ್ತ ಎಎಸ್‌ಐ ಒಬ್ಬರು, ನಮ್ಮ ಓಣಿಯವರು. "ತಂಗಿ, ವೈರ್‌ಲೆಸ್‌ನಾಗ ಹೇಳಿರ್ತಾರ ನೋಡು. ಕಂಟ್ರೋಲ್ ರೂಮಿನ ಲಾಗ್ ಕೇಳು," ಎಂದರು. ಮಾಹಿತಿ ಹಕ್ಕು ಅಧಿನಿಯಮ, 2005ರಡಿ ಹತ್ತು ರೂಪಾಯಿ ಶುಲ್ಕದೊಂದಿಗೆ ಅರ್ಜಿ ಹಾಕಿದೆ. ಕಾನೂನು ಕೊಡುವ 30 ದಿನಗಳ ಗಡುವಿನ ಒಳಗೇ ನಕಲು ಬಂತು ಎಂಬುದನ್ನು ಕೃತಜ್ಞತೆಯಿಂದ ಬರೆಯುತ್ತೇನೆ. ಅದರಲ್ಲಿ ಅವರ ಬೆಲ್ಟ್ ಸಂಖ್ಯೆಯ ಮುಂದೆ ರಾತ್ರಿ 11.20 ಎಂಬ ಸಮಯ, ಸ್ಥಳದ ಹೆಸರು, ತಲುಪಿದ ವರದಿ, ಎಲ್ಲವೂ ಒಂದೇ ಸಾಲಿನಲ್ಲಿದ್ದವು. ಆ ಒಂದು ಸಾಲಿನ ಬಲದ ಮೇಲೆ ರಜೆಯ ಮಂಜೂರಾತಿಯನ್ನು ತಿದ್ದುವ ಕಡತ ಮತ್ತೆ ಮೇಲೇರಿತು. ತಿದ್ದುಪಡಿಯ ಆದೇಶ ಬರಲು ಹನ್ನೊಂದು ತಿಂಗಳು ಹಿಡಿಯಿತು, ಸೇವಾ ಪುಸ್ತಕದಲ್ಲಿ ಅದು ನಮೂದಾಗಲು ಮತ್ತೆ ನಾಲ್ಕು ತಿಂಗಳು. ಆದೇಶ ಬಾರದಿದ್ದರೆ ಕರ್ನಾಟಕ ರಾಜ್ಯ ಆಡಳಿತ ನ್ಯಾಯಮಂಡಳಿಯ ಮೊರೆ ಹೋಗಲು ನಾವು ಸಿದ್ಧರಿದ್ದೆವು. ಅದರ ಪೀಠ ಈಗ ಕಲಬುರಗಿಯಲ್ಲೇ ಇರುವುದು ಈ ಭಾಗದ ನೌಕರರಿಗೆ ದೊಡ್ಡ ಅನುಕೂಲ.

ಈ ಹಂತದಲ್ಲಿ ನನ್ನ ಮನಸ್ಸಿನಲ್ಲಿ ಒಂದು ಹೋಲಿಕೆ ಬಲವಾಗಿ ನಿಂತಿತು. ನನ್ನ ವಿದ್ಯಾರ್ಥಿನಿಯೊಬ್ಬಳ ತಂದೆ ಇಲ್ಲಿಯ ದಾಲ್ ಮಿಲ್ಲಿನಲ್ಲಿ ಕೆಲಸ ಮಾಡುತ್ತಾರೆ, ಯಂತ್ರದ ಬೆಲ್ಟಿಗೆ ಸಿಕ್ಕು ಹೆಬ್ಬೆರಳು ಕಳೆದುಕೊಂಡವರು. ಅವರಿಗೆ ಅನ್ವಯಿಸಿದ್ದು ಆಗ ಜಾರಿಯಲ್ಲಿದ್ದ 1923ರ ನೌಕರರ ಪರಿಹಾರ ಅಧಿನಿಯಮ. ಅದರ ಮೊದಲ ಅನುಸೂಚಿಯಲ್ಲಿ ಒಂದೊಂದು ಅಂಗಕ್ಕೂ ಶೇಕಡಾವಾರು ಬರೆದಿಟ್ಟಿದ್ದಾರೆ, ಹೆಬ್ಬೆರಳಿಗೆ ಶೇ 30. ನಾಲ್ಕನೆಯ ಅನುಸೂಚಿಯಲ್ಲಿ ಒಂದೊಂದು ವಯಸ್ಸಿಗೂ ಒಂದು ಗುಣಕವಿದೆ, 40 ವರ್ಷಕ್ಕೆ 184.17. ಪೂರ್ಣ ಶಾಶ್ವತ ಅಸಾಮರ್ಥ್ಯಕ್ಕೆ ತಿಂಗಳ ವೇತನದ ಶೇ 60ನ್ನು ಆ ಗುಣಕದಿಂದ ಗುಣಿಸಬೇಕು. ಲೆಕ್ಕಕ್ಕೆ ಹಿಡಿಯುವ ವೇತನದ ಮಿತಿ 2020ರಿಂದ 15,000 ರೂಪಾಯಿ. ಹೀಗಾಗಿ ನಲವತ್ತರ ಕಾರ್ಮಿಕನೊಬ್ಬನಿಗೆ ಪೂರ್ಣ ಅಸಾಮರ್ಥ್ಯಕ್ಕೆ 16,57,530 ರೂಪಾಯಿ, ಹೆಬ್ಬೆರಳಿಗೆ ಅದರ ಶೇ 30, ಅಂದರೆ 4,97,259 ರೂಪಾಯಿ. ಮಾಲೀಕ ಒಂದು ತಿಂಗಳೊಳಗೆ ಕೊಡದಿದ್ದರೆ ವರ್ಷಕ್ಕೆ ಶೇ 12 ಬಡ್ಡಿ, ಸಮರ್ಥನೀಯ ಕಾರಣವಿಲ್ಲದೆ ತಡ ಮಾಡಿದರೆ ಶೇ 50ರವರೆಗೆ ದಂಡ. ಎಂಟನೆಯ ತರಗತಿಯ ಮಗು ಮಾಡಬಲ್ಲ ಲೆಕ್ಕವಿದು. 2025ರ ನವೆಂಬರ್ 21ರಿಂದ ಈ ಕಾನೂನಿನ ಜಾಗಕ್ಕೆ ಸಾಮಾಜಿಕ ಭದ್ರತಾ ಸಂಹಿತೆ ಬಂದಿದೆ, ನೌಕರರ ಪರಿಹಾರಕ್ಕೆ ಅದರಲ್ಲೂ ಒಂದು ಅಧ್ಯಾಯವಿದೆ. ಕಾರ್ಮಿಕನಿಗೆ ಸಿಗುವುದು ಹೆಚ್ಚೆಂದು ನಾನು ಹೇಳುತ್ತಿಲ್ಲ, ಹೆಬ್ಬೆರಳಿಗೆ ಯಾವ ಮೊತ್ತವೂ ಸರಿದೂಗುವುದಿಲ್ಲ. ಅವರ ಮನೆಯವರು ಗಾಯವಾದ ದಿನವೇ ಒಂದು ಪಟ್ಟಿ ನೋಡಿ ತಮಗೆ ಏನು ಬರಬೇಕೆಂದು ತಿಳಿದುಕೊಳ್ಳಬಹುದು. ಪೊಲೀಸನ ಮನೆಯವರಿಗೆ ಅಂಥ ಒಂದು ಪಟ್ಟಿಯನ್ನು ಯಾವ ಕಚೇರಿಯಲ್ಲಿಯೂ ಯಾರೂ ನಮ್ಮ ಮುಂದಿಡಲಿಲ್ಲ. ರೈಲ್ವೆ ರಕ್ಷಣಾ ಪಡೆಯ ಕಾನ್‌ಸ್ಟೆಬಲ್ ಒಬ್ಬರ ಕುಟುಂಬಕ್ಕೆ 1923ರ ಕಾನೂನಿನಡಿ ಪರಿಹಾರ ಸಲ್ಲುತ್ತದೆಂದು ಸುಪ್ರೀಂ ಕೋರ್ಟ್ 2023ರ ಸೆಪ್ಟೆಂಬರ್‌ನಲ್ಲಿ ಎತ್ತಿಹಿಡಿದ ಸುದ್ದಿ ಓದಿದಾಗ ನಾನು ನಮ್ಮ ವಕೀಲರನ್ನು ಕೇಳಿದೆ. ನಾವಾಗಲೇ ಮೋಟಾರು ವಾಹನ ಕಾಯ್ದೆಯಡಿ ಅರ್ಜಿ ಹಾಕಿದ್ದೆವು. ಎರಡೂ ದಾರಿ ತೆರೆದಿದ್ದರೂ ಒಂದನ್ನೇ ಹಿಡಿಯಬೇಕೆಂದು ಆ ಕಾಯ್ದೆಯ 167ನೆಯ ಕಲಮು ಹೇಳುತ್ತದೆ ಎಂದು ಅವರು ತಿಳಿಸಿದರು.

ಬ್ಯಾಂಕಿನ ಸಂಬಳ ಖಾತೆಯ ಜೊತೆಗೆ ಬರುವ ಅಪಘಾತ ವಿಮೆಯ ಬಗ್ಗೆ ಹೆಚ್ಚು ಬರೆಯುವುದಿಲ್ಲ. ಖಾತೆ ತೆರೆಸುವಾಗ ಲಕ್ಷಗಳ ಮಾತಾಡಿದ್ದರು. ಅರ್ಜಿ ಕೊಟ್ಟು ಏಳು ತಿಂಗಳ ನಂತರ, ಈ ವಿಮೆ ಸಾವಿಗೆ ಮತ್ತು ಪೂರ್ಣ ಶಾಶ್ವತ ಅಸಾಮರ್ಥ್ಯಕ್ಕೆ ಮಾತ್ರ ಎಂಬ ಉತ್ತರ ಬಂತು. ವರ್ಷಕ್ಕೆ 20 ರೂಪಾಯಿ ಕಟ್ಟುವ ಪ್ರಧಾನ ಮಂತ್ರಿ ಸುರಕ್ಷಾ ಬಿಮಾ ಯೋಜನೆಯಲ್ಲಿ ಭಾಗಶಃ ಅಸಾಮರ್ಥ್ಯಕ್ಕೆ 1 ಲಕ್ಷವಿದೆ. ಆದರೆ ಒಂದು ಪಾದದ ಬಳಕೆ ಸಂಪೂರ್ಣವಾಗಿ, ಮತ್ತೆ ಬಾರದಂತೆ ಹೋಗಿರಬೇಕೆಂದು ಅದರ ಷರತ್ತು, ನನ್ನ ಪತಿಯ ಕಾಲು ಕುಂಟುತ್ತಲಾದರೂ ನಡೆಯುತ್ತದೆ. ಷರತ್ತುಗಳು ಬರಹದಲ್ಲಿದ್ದವು, ಅದನ್ನು ಒಪ್ಪುತ್ತೇನೆ. ಏಳು ತಿಂಗಳ ಓಡಾಟಕ್ಕೆ ಮೊದಲೇ ಒಂದು ಮಾತು ಹೇಳುವವರು ಬೇಕಿತ್ತು.

ನಾನು ಎಲ್ಲರಿಗೂ ಒತ್ತಿ ಹೇಳಬಯಸುವ ಬಾಗಿಲು ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಯದು. ಪೊಲೀಸರು ದಿನವೂ ಇತರರ ಅಪಘಾತಗಳ ಕಾಗದ ತಯಾರಿಸಿ ಅಲ್ಲಿಗೆ ಕಳಿಸುತ್ತಾರೆ. ತಮಗೇ ಆದಾಗ, "ನಾವು ಸರ್ಕಾರಿ ನೌಕರರು, ನಮಗ್ಯಾಕ" ಎಂದು ಸುಮ್ಮನಾಗುವವರನ್ನು ನಾನು ಆಸ್ಪತ್ರೆಯಲ್ಲೇ ಇಬ್ಬರನ್ನು ಕಂಡೆ. ಗುದ್ದಿದ ವಾಹನಕ್ಕೆ ವಿಮೆ ಇದ್ದರೆ, ಗಾಯಗೊಂಡವನು ಕರ್ತವ್ಯದ ಮೇಲಿದ್ದ ಎಂಬ ಕಾರಣಕ್ಕೆ ಅವನ ಹಕ್ಕು ಕಡಿಮೆಯಾಗುವುದಿಲ್ಲ. 2022ರ ಏಪ್ರಿಲ್ 1ರಿಂದ ಅಪಘಾತವಾದ ಆರು ತಿಂಗಳೊಳಗೆ ಅರ್ಜಿ ಹಾಕಬೇಕೆಂಬ ಗಡುವು ಜಾರಿಗೆ ಬಂದಿರುವುದನ್ನು ಮಾತ್ರ ಮರೆಯಬಾರದು. ನಾವು ಐದನೆಯ ತಿಂಗಳಲ್ಲಿ ಹಾಕಿದೆವು, ಇನ್ನಷ್ಟು ಕಾದಿದ್ದರೆ ಕಷ್ಟವಿತ್ತು. ಅದೇ ವರ್ಷದ ನಿಯಮಗಳ ಪ್ರಕಾರ ತನಿಖಾಧಿಕಾರಿ ಮೊದಲ ಅಪಘಾತ ವರದಿಯನ್ನು 48 ಗಂಟೆಗಳಲ್ಲಿ, ವಿವರವಾದ ವರದಿಯನ್ನು 90 ದಿನಗಳಲ್ಲಿ ಸಲ್ಲಿಸಬೇಕು.

ನ್ಯಾಯಮಂಡಳಿಯಲ್ಲಿ ವಿಮಾ ಕಂಪನಿಯ ವಕೀಲರ ವಾದ ಒಂದೇ ಆಗಿತ್ತು: ಇವರ ಸಂಬಳ ನಿಂತಿಲ್ಲ, ನೌಕರಿ ಹೋಗಿಲ್ಲ, ಆದ್ದರಿಂದ ನಷ್ಟವೇನು? ಕಾನೂನಿನಲ್ಲಿ ಈ ವಾದಕ್ಕೆ ಸ್ವಲ್ಪ ಆಧಾರವೂ ಇದೆ. ವೈದ್ಯರು ಬರೆದುಕೊಟ್ಟ ಶೇಕಡಾವಾರು ಅಸಾಮರ್ಥ್ಯವೇ ಗಳಿಕೆಯ ನಷ್ಟವಲ್ಲ, ಆ ಅಸಾಮರ್ಥ್ಯದಿಂದ ಅವನ ದುಡಿಮೆಗೆ ಏನಾಯಿತು ಎಂದು ನೋಡಬೇಕೆಂದು ರಾಜ್‌ಕುಮಾರ್ ವಿರುದ್ಧ ಅಜಯ್ ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2010ರಲ್ಲಿ ಹೇಳಿದೆ. ಸರ್ಕಾರಿ ನೌಕರಿ ಮುಂದುವರಿದವರಿಗೆ ಭವಿಷ್ಯದ ಗಳಿಕೆಯ ನಷ್ಟದಡಿ ಕಡಿಮೆ ಸಿಗುತ್ತದೆ, ಬದುಕಿನ ಸುಖಸೌಕರ್ಯ ಕಳೆದುಕೊಂಡದ್ದಕ್ಕೆ ಹೆಚ್ಚು ಕೊಡಬಹುದು. ನಮ್ಮ ವಕೀಲರು ಅದನ್ನೇ ಹಿಡಿದು, ಪಾಟಿಸವಾಲಿನ ನಂತರ ನನ್ನ ಪತಿಗೆ ಸರಳವಾಗಿ ಕೇಳಿದರು, ಮೊದಲು ಏನು ಮಾಡುತ್ತಿದ್ದಿರಿ, ಈಗ ಏನು ಮಾಡಲಾಗುವುದಿಲ್ಲ ಎಂದು. ಓಡಲಾಗುವುದಿಲ್ಲ, ನೆಲದ ಮೇಲೆ ಕೂತು ಊಟ ಮಾಡಲಾಗುವುದಿಲ್ಲ, ಶರಣಬಸವೇಶ್ವರರ ಜಾತ್ರೆಯ ಬಂದೋಬಸ್ತಿಗೆ ಪ್ರತಿವರ್ಷ ಹೋಗುತ್ತಿದ್ದೆ, ಈಗ ಅಷ್ಟು ಹೊತ್ತು ನಿಲ್ಲಲಾಗುವುದಿಲ್ಲ ಎಂದು ಅವರು ಹೇಳಿದರು. ಎರಡು ವರ್ಷಗಳ ಓಡಾಟದಲ್ಲಿ, ನೀವು ಏನು ಕಳೆದುಕೊಂಡಿರಿ ಎಂಬ ಪ್ರಶ್ನೆಯನ್ನು ಅವರಿಗೆ ಯಾರಾದರೂ ಕೇಳಿದ್ದು ಅದೇ ಮೊದಲು. ಉಳಿದೆಲ್ಲ ಕಡೆ ಕೇಳಿದ್ದು, ಕಾಗದ ಎಲ್ಲಿದೆ ಎಂದು. 2024ರ ಕೊನೆಯಲ್ಲಿ ಆದೇಶವಾಯಿತು, 46 ಸಾವಿರದ ರಸೀದಿಯೂ ಅದರಲ್ಲಿ ಸೇರಿತು. ಕಂಪನಿ ಮೇಲ್ಮನವಿ ಸಲ್ಲಿಸಿದೆ. ಉಚ್ಚ ನ್ಯಾಯಾಲಯದ ಪೀಠ 2013ರಿಂದ ಕಲಬುರಗಿಯಲ್ಲಿ ಕಾಯಂ ಆಗಿರುವುದರಿಂದ ಅದಕ್ಕಾಗಿ ಬೆಂಗಳೂರಿನ ರೈಲು ಹತ್ತಬೇಕಾಗಿಲ್ಲ.

ವಾಹನವಲ್ಲದೆ ಮನುಷ್ಯರ ಕೈಯಿಂದಲೇ ಹಲ್ಲೆಗೊಳಗಾದ ಪೊಲೀಸರಿಗೆ ಇನ್ನೊಂದು ದಾರಿಯಿದೆ, ಅದನ್ನು ಯಾರೂ ಹೇಳಿಕೊಡುವುದಿಲ್ಲ. ಕರ್ತವ್ಯನಿರತ ಸರ್ಕಾರಿ ನೌಕರನ ಮೇಲಿನ ಹಲ್ಲೆಯ ಮೊಕದ್ದಮೆಯಲ್ಲಿ ಅವರು ದೂರುದಾರರಷ್ಟೇ ಆಗಿರುವುದಿಲ್ಲ, ಸಂತ್ರಸ್ತರೂ ಆಗಿರುತ್ತಾರೆ. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 395ನೆಯ ಕಲಮಿನಡಿ ನ್ಯಾಯಾಲಯ ಅಪರಾಧಿಯಿಂದ ಪರಿಹಾರ ಕೊಡಿಸಬಹುದು, 396ರಡಿ ಸಂತ್ರಸ್ತರ ಪರಿಹಾರ ಯೋಜನೆಗಾಗಿ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ಶಿಫಾರಸು ಮಾಡಬಹುದು.

ನೌಕರಿಯ ಬಗ್ಗೆ ನಮಗಿದ್ದ ಭಯವೂ ಸಣ್ಣದಾಗಿರಲಿಲ್ಲ. ವೈದ್ಯಕೀಯ ಮಂಡಳಿ ಬಲಗಾಲಿಗೆ ಶೇ 38ರ ಅಸಾಮರ್ಥ್ಯ ಬರೆಯಿತು. ಮೀಸಲಾತಿ ಮುಂತಾದ ಸೌಲಭ್ಯಗಳಿಗೆ ಶೇ 40 ಬೇಕು, ಆದ್ದರಿಂದ ಯಾವ ರಕ್ಷಣೆಯೂ ಇಲ್ಲವೆಂದು ಒಬ್ಬರು ಹೇಳಿ ಹೆದರಿಸಿದರು. ನಾನು 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಅಧಿನಿಯಮವನ್ನೇ ತೆಗೆದು ಓದಿದೆ. ಸೇವೆಯಲ್ಲಿದ್ದಾಗ ಅಂಗವೈಕಲ್ಯಕ್ಕೆ ಒಳಗಾದ ನೌಕರನನ್ನು ಸರ್ಕಾರಿ ಸಂಸ್ಥೆ ಕೆಲಸದಿಂದ ತೆಗೆಯಬಾರದು, ದರ್ಜೆ ಇಳಿಸಬಾರದು, ಅದೇ ಹುದ್ದೆಗೆ ಒಗ್ಗದಿದ್ದರೆ ಅದೇ ವೇತನದ ಬೇರೆ ಹುದ್ದೆ ಕೊಡಬೇಕು, ಅದೂ ಇಲ್ಲದಿದ್ದರೆ ಹುದ್ದೆ ಸಿಗುವವರೆಗೆ ಅಥವಾ ನಿವೃತ್ತಿಯವರೆಗೆ ಹೆಚ್ಚುವರಿ ಹುದ್ದೆಯಲ್ಲಿಡಬೇಕು ಎಂದು ಅದರ 20ನೆಯ ಕಲಮಿನ 4ನೆಯ ಉಪಕಲಮು ಹೇಳುತ್ತದೆ. ಅಲ್ಲಿ ಶೇ 40ರ ಮಾತಿಲ್ಲ. ಕೆಲಸದ ಸ್ವರೂಪ ನೋಡಿ ಅಧಿಸೂಚನೆಯ ಮೂಲಕ ವಿನಾಯಿತಿ ಕೊಡುವ ಅಧಿಕಾರ ಸರ್ಕಾರಕ್ಕಿದೆ, ಅದನ್ನೂ ತಿಳಿದಿರಬೇಕು. ನನ್ನ ಪತಿಯ ಮೇಲಧಿಕಾರಿಗಳು ಈ ವಿಷಯದಲ್ಲಿ ಸೌಜನ್ಯದಿಂದ ನಡೆದುಕೊಂಡರು, ಕೇಳುವ ಮೊದಲೇ ಅವರನ್ನು ಠಾಣೆಯೊಳಗಿನ ಬರವಣಿಗೆಯ ಕೆಲಸಕ್ಕೆ ಹಾಕಿದರು. ಅವರಿಗೆ ನನ್ನ ನಮಸ್ಕಾರ.

ಪ್ರತಿವರ್ಷ ಅಕ್ಟೋಬರ್ 21ರಂದು, 1959ರಲ್ಲಿ ಲಡಾಖಿನ ಹಾಟ್ ಸ್ಪ್ರಿಂಗ್ಸ್‌ನಲ್ಲಿ ಮಡಿದ ಹತ್ತು ಮಂದಿಯ ನೆನಪಿನಲ್ಲಿ ಪೊಲೀಸ್ ಹುತಾತ್ಮರ ದಿನ ಆಚರಿಸುತ್ತಾರೆ, ಆ ವರ್ಷ ಮಡಿದವರ ಹೆಸರುಗಳನ್ನು ಓದುತ್ತಾರೆ. ಕಳೆದ ವರ್ಷ ನಾವಿಬ್ಬರೂ ಪರೇಡ್ ಮೈದಾನದ ಅಂಚಿನಲ್ಲಿ ನಿಂತಿದ್ದೆವು. ಹೆಸರುಗಳನ್ನು ಓದುವಾಗ ಎಲ್ಲರೊಂದಿಗೆ ಇವರೂ ನೆಟ್ಟಗೆ ನಿಲ್ಲಲು ಯತ್ನಿಸಿ ನನ್ನ ಭುಜ ಹಿಡಿದುಕೊಂಡರು. ಬದುಕಿ ಉಳಿದು, ಮುರಿದ ಕಾಲಿನಲ್ಲಿ ಮರುದಿನ ಹಾಜರಾಗುವವರ ಪಟ್ಟಿಯೊಂದನ್ನೂ ಇಲಾಖೆ ಎಲ್ಲಿಯಾದರೂ ಇಡಬೇಕೆಂದು ನನಗೆ ಅನ್ನಿಸಿತು. ಯಾರಿಗೆ ಏನಾಯಿತು, ಯಾವ ಕಡತ ಯಾರ ಮೇಜಿನ ಮೇಲಿದೆ ಎಂದು ನೋಡಿಕೊಳ್ಳುವ ಒಬ್ಬ ಸಿಬ್ಬಂದಿ ಪ್ರತಿ ಜಿಲ್ಲೆಗೆ ಇದ್ದರೂ ಸಾಕಿತ್ತು. ನಮಗೆ ಬರಬೇಕಾದದ್ದರಲ್ಲಿ ಹೆಚ್ಚಿನದೆಲ್ಲ ನಿಯಮಗಳಲ್ಲಿ ಇತ್ತು. ಅದನ್ನು ತರಲು ನಾನು ಬರೆದ ಅರ್ಜಿಗಳು ಮೂವತ್ತೊಂದು, ಅದಕ್ಕಾಗಿ ಹಾಕಿದ ಸಾಂದರ್ಭಿಕ ರಜೆಗಳು ಎರಡು ವರ್ಷದ್ದು.

ಹೊಸದಾಗಿ ಈ ದಾರಿಗೆ ಬರುವವರಿಗೆ ಒಂದು ಮಾತು. ಆಸ್ಪತ್ರೆಯಲ್ಲಿ ಗಾಯದ ವಿವರ ಬರೆಯುವಾಗಲೇ ಕರ್ತವ್ಯದ ಮೇಲಿದ್ದರು ಎಂದು ಬರೆಸಿ. ಠಾಣಾ ದಿನಚರಿಯಲ್ಲಿ ಸ್ಥಳ ಮತ್ತು ಸಮಯ ಅಂದೇ ನಮೂದಾಯಿತೇ ಎಂದು ಜೊತೆಗಾರರಿಂದ ಕೇಳಿ ತಿಳಿಯಿರಿ. ಗಾಯಗೊಂಡವರು ಮಾತಾಡುವ ಸ್ಥಿತಿಯಲ್ಲಿರುವುದಿಲ್ಲ, ಮನೆಯವರೇ ಕೇಳಬೇಕು. ನನಗೆ ಆ ರಾತ್ರಿ ಇದು ಗೊತ್ತಿರಲಿಲ್ಲ.

ಕಾಲಿನೊಳಗಿನ ರಾಡನ್ನು ಈ ಬೇಸಿಗೆಯಲ್ಲಿ ತೆಗೆಯಬೇಕೆಂದು ವೈದ್ಯರು ಹೇಳಿದ್ದಾರೆ. ಆ ಚಿಕಿತ್ಸೆಯನ್ನೂ 2022ರ ಕರ್ತವ್ಯದ ಗಾಯದ ಮುಂದುವರಿಕೆಯೆಂದು ಪರಿಗಣಿಸಿ ರಜೆ ಮಂಜೂರು ಮಾಡುವಂತೆ ಹೋದ ವಾರ ಅರ್ಜಿ ಕೊಟ್ಟು, ವೈರ್‌ಲೆಸ್ ಲಾಗಿನ ನಕಲನ್ನು ಲಗತ್ತಿಸಿ, ಸ್ವೀಕೃತಿಯ ಮೊಹರು ಹಾಕಿಸಿಕೊಂಡು ಬಂದಿದ್ದೇನೆ.